ಮಿದುಳಿನ ದ್ವೀಪಕ್ಕೆ ಹೆಸರಿತ್ತ ವೈದ್ಯ ಯೊಹಾನ್ ಕ್ರಿಶ್ಚಿಯನ್ ರೈಲ್

ಶರಾವತಿ ನದಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಮುಗಿದು 1964ರಲ್ಲಿ ನೀರು ನಿಂತ ಮೇಲೆ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಕಣಿವೆಗಳೂ ಗದ್ದೆ ತೋಟಗಳೂ ಮುಳುಗಿ, ಗುಡ್ಡಗಳ ನೆತ್ತಿ ಮಾತ್ರ ಮೇಲುಳಿದುದನ್ನು ಈ ಸೀಮೆಯ ಹಿರಿಯರು ಕಣ್ಣಾರೆ ಕಂಡವರು. ತುಮರಿ ಕಡೆಯ ಜನರು 2025ರ ಜುಲೈ ತಿಂಗಳಲ್ಲಿ ಸೇತುವೆ ತೆರೆಯುವವರೆಗೆ ಲಾಂಚನ್ನೇ ನಂಬಿ ಹಿನ್ನೀರನ್ನು ದಾಟುತ್ತಿದ್ದರು. ಆದುದರಿಂದ ದ್ವೀಪವೆಂಬ ಮಾತಿನ ಅರ್ಥವನ್ನು ನಮ್ಮ ವಿದ್ಯಾರ್ಥಿಗಳಿಗೆ ಭೂಗೋಳದ ಪುಸ್ತಕ ತೆರೆದು ಹೇಳಬೇಕಾಗಿಲ್ಲ. ಆದರೆ ಪ್ರತಿಯೊಬ್ಬ ಮನುಷ್ಯನ ತಲೆಬುರುಡೆಯೊಳಗೂ, ಎಡಬಲಗಳಲ್ಲಿ ಒಂದೊಂದರಂತೆ, ದ್ವೀಪವೆಂದೇ ಕರೆಯಲ್ಪಡುವ ಎರಡು ಭಾಗಗಳು ಅಡಗಿವೆಯೆಂಬುದು ಬಹುಮಂದಿಗೆ ತಿಳಿಯದ ಸಂಗತಿ. ವೈದ್ಯವಿದ್ಯಾರ್ಥಿಗಳು ಅದನ್ನು ರೈಲ್‌ನ ದ್ವೀಪವೆಂದು ಓದುತ್ತ ಬಂದಿದ್ದಾರೆ. ಆ ರೈಲ್ ಯಾರು, ಆತನ ಬಾಳು ಹೇಗೆ ನಡೆಯಿತು, ಹೇಗೆ ಮುಗಿಯಿತು ಎಂಬುದನ್ನು ತಿಳಿದವರು ವಿರಳ. ಈ ಸಂಚಿಕೆಯ ವಾಚಕರಲ್ಲಿ ಅಧ್ಯಾಪಕರೂ ವೈದ್ಯರಾಗಿರುವ ಹಳೆಯ ವಿದ್ಯಾರ್ಥಿಗಳೂ ಇರುವುದರಿಂದ ಆ ಮಹನೀಯರ ಚರಿತ್ರೆಯನ್ನು ಇಲ್ಲಿ ನಿರೂಪಿಸಲು ಮನಸ್ಸಾಯಿತು.

ಹೆಸರಿನ ಬಗ್ಗೆ ಒಂದು ಮಾತು. ಜರ್ಮನ್ ಉಚ್ಚಾರದಂತೆ ಅದು ರೈಲ್ ಎಂದೇ ಆಗುತ್ತದೆ. ತರಗತಿಯಲ್ಲಿ ಈ ಹೆಸರನ್ನು ಹೇಳಿದೊಡನೆ ಹಿಂದಿನ ಬೆಂಚಿನವರಿಗೆ ತಾಳಗುಪ್ಪದ ರೈಲು ನೆನಪಾಗಿ ನಗೆ ಹೊಮ್ಮುವುದು ಸಹಜ. ನಗಲಿ, ಹಾಗಾದರೂ ಹೆಸರು ಮನಸ್ಸಿನಲ್ಲಿ ಉಳಿದೀತು.

ಯೊಹಾನ್ ಕ್ರಿಶ್ಚಿಯನ್ ರೈಲ್ ಅವರು 1759ನೆಯ ಇಸವಿ ಫೆಬ್ರವರಿ 20ರಂದು ಜರ್ಮನಿಯ ವಾಯವ್ಯ ಮೂಲೆಯ ಪೂರ್ವ ಫ್ರಿಸಿಯ ಪ್ರಾಂತದ ರೌಡೆ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಲೂಥರ್ ಪಂಥದ ಪಾದ್ರಿ. ಆ ಪ್ರಾಂತ ಸಮುದ್ರಮಟ್ಟಕ್ಕೆ ಸಮನಾದ ತಗ್ಗು ನೆಲ. ತೀರದ ಎದುರಿಗೆ ಸಣ್ಣ ಸಣ್ಣ ಮರಳಿನ ದ್ವೀಪಗಳ ಒಂದು ಸಾಲು ಇದೆ. ಬಾಲಕ ರೈಲರು ಬೆಳೆದ ನೋರ್ಡೆನ್ ಪಟ್ಟಣ ಆ ದ್ವೀಪಗಳಿಗೆ ಇದಿರಾಗಿಯೇ ಇದೆ. ಮುಂದೆ ಮಿದುಳಿನ ಒಂದು ಭಾಗಕ್ಕೆ ಅವರು ದ್ವೀಪವೆಂದು ಹೆಸರಿಟ್ಟಾಗ ಈ ಬಾಲ್ಯದ ನೋಟ ಒಳಗಿನಿಂದ ಪ್ರೇರಿಸಿತೆಂದು ಊಹಿಸುವ ಆಸೆ ಯಾರಿಗಾದರೂ ಆದೀತು. ಅದು ಊಹೆಯೇ ಸರಿ. ಚರಿತ್ರೆಯ ಲೆಕ್ಕಕ್ಕೆ ಸೇರಿಸತಕ್ಕದ್ದಲ್ಲ.

ಗ್ಯಾಟಿಂಗನ್ ಮತ್ತು ಹಾಲೆ ವಿಶ್ವವಿದ್ಯಾನಿಲಯಗಳಲ್ಲಿ ವೈದ್ಯಶಾಸ್ತ್ರವನ್ನು ವ್ಯಾಸಂಗ ಮಾಡಿ 1782ರಲ್ಲಿ ಹಾಲೆಯಲ್ಲಿ ಡಾಕ್ಟರ್ ಪದವಿಯನ್ನು ಪಡೆದ ರೈಲರು ಕೆಲವು ವರ್ಷ ತಮ್ಮ ಸೀಮೆಗೇ ಮರಳಿ ವೈದ್ಯವೃತ್ತಿ ನಡೆಸಿದರು. ಆಗ ಅವರು ಬರೆದ ಮೊದಲ ಪುಸ್ತಕ ಪಂಡಿತರಿಗಾಗಿ ಬರೆದುದಲ್ಲ. ತಮ್ಮ ನಾಡಿನ ಸಾಮಾನ್ಯ ಗೃಹಸ್ಥರು ಆಹಾರವಿಹಾರಗಳಲ್ಲಿ ಹೇಗಿರಬೇಕು, ರೋಗ ಬಾರದಂತೆ ಮನೆಯಲ್ಲೇ ಏನು ಮಾಡಬೇಕು ಎಂದು ತಿಳಿಸುವ ಮನೆವೈದ್ಯದ ಕೈಪಿಡಿ ಅದು. ಈ ಸಂಗತಿಯನ್ನು ಹೇಳಿದ್ದಕ್ಕೆ ಕಾರಣವಿದೆ. ರೈಲರು ಮುಂದೆ ಎಷ್ಟು ದೊಡ್ಡ ಪೀಠವನ್ನೇರಿದರೂ ಹಾಸಿಗೆ ಹಿಡಿದ ರೋಗಿಯ ಮಗ್ಗುಲನ್ನು ಬಿಟ್ಟು ದೂರ ಹೋದವರಲ್ಲ.

1787ರಲ್ಲಿ ಹಾಲೆ ವಿಶ್ವವಿದ್ಯಾನಿಲಯ ಅವರನ್ನು ಅಧ್ಯಾಪಕರನ್ನಾಗಿ ಕರೆಯಿತು. ಮರುವರ್ಷವೇ, ಇನ್ನೂ ಮೂವತ್ತು ತುಂಬದ ವಯಸ್ಸಿನಲ್ಲಿ, ಗುರುಗಳಾದ ಗೋಲ್ಡ್‌ಹಾಗನ್ ಅವರ ಮರಣದಿಂದ ತೆರವಾದ ಪ್ರಾಧ್ಯಾಪಕ ಸ್ಥಾನವೂ ಚಿಕಿತ್ಸಾಲಯದ ಹೊಣೆಯೂ ಅವರ ಪಾಲಿಗೆ ಬಂದವು. ನಗರದ ವೈದ್ಯಾಧಿಕಾರವೂ ಸೇರಿತು. ಮುಂದಿನ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಅವರ ಬಾಳಿನ ಕೇಂದ್ರ ಹಾಲೆಯೇ. ಮಹಾಕವಿ ಗಯಟೆ ತನ್ನ ಅನಾರೋಗ್ಯದ ಸಲುವಾಗಿ ಸಲಹೆ ಕೇಳಿದ ವೈದ್ಯರಲ್ಲಿ ರೈಲರೂ ಒಬ್ಬರು. 1795ರಲ್ಲಿ ಅವರು ಶರೀರಕ್ರಿಯಾಶಾಸ್ತ್ರಕ್ಕೆಂದೇ ಮೀಸಲಾದ ನಿಯತಕಾಲಿಕವೊಂದನ್ನು ಆರಂಭಿಸಿದರು. ಆ ಶಾಸ್ತ್ರದಲ್ಲಿ ಅದೇ ಮೊದಲ ಪತ್ರಿಕೆಯೆಂದು ಪರಿಗಣಿತವಾಗಿದೆ. 1799ರಿಂದ ಜ್ವರಗಳನ್ನು ಕುರಿತ ಬೃಹದ್ಗ್ರಂಥವನ್ನು ಸಂಪುಟ ಸಂಪುಟವಾಗಿ ಪ್ರಕಟಿಸತೊಡಗಿದರು. ಈ ಜ್ವರಗ್ರಂಥವನ್ನು ವಾಚಕರು ನೆನಪಿನಲ್ಲಿಡಬೇಕು.

ಆ ಕಾಲದಲ್ಲಿ ಅವರನ್ನು ಕಾಡಿದ ಪ್ರಶ್ನೆಗಳಲ್ಲಿ ಒಂದು ನೋಡುವುದಕ್ಕೆ ಅತಿ ಸಾಧಾರಣವಾದುದು. ಕಣ್ಣಿನಿಂದ ಬಣ್ಣವನ್ನೂ ಕಿವಿಯಿಂದ ಧ್ವನಿಯನ್ನೂ ಅರಿಯುತ್ತೇವೆ. ಅವೆಲ್ಲ ಹೊರಗಿನ ಜಗತ್ತಿನ ಸುದ್ದಿ. ಹಸಿವನ್ನು ಯಾವುದರಿಂದ ಅರಿಯುತ್ತೇವೆ? ಬಾಯಾರಿಕೆಯನ್ನು? ಮೈ ಹಗುರಾಗಿದೆ, ಮೈ ಭಾರವಾಗಿದೆ ಎಂಬುದನ್ನು? ನಮ್ಮ ತೋಟದ ಸೀಮೆಯ ಒಂದು ನಿದರ್ಶನದಿಂದ ಇದು ಸುಲಭವಾಗಿ ತಿಳಿಯುತ್ತದೆ. ಅಭ್ಯಾಸವಿಲ್ಲದವನು ಎಳೆಯ ಅಡಿಕೆಯನ್ನು ಅಗಿದರೆ ಸೊಕ್ಕು ಬರುವುದನ್ನು ತೀರ್ಥಹಳ್ಳಿ, ಹೊಸನಗರಗಳ ಯಾರೂ ಬಲ್ಲರು. ಕಿವಿ ಬಿಸಿಯಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಹಣೆಯಲ್ಲಿ ಬೆವರೊಡೆಯುತ್ತದೆ, ಹೊಟ್ಟೆ ತೊಳಸುತ್ತದೆ, ಕುಳಿತಲ್ಲಿಯೇ ಏನೋ ಆಗುತ್ತಿದೆಯೆಂಬ ಭೀತಿ ಹುಟ್ಟುತ್ತದೆ. ಇವುಗಳಲ್ಲಿ ಒಂದನ್ನೂ ಕಣ್ಣು ಕಂಡಿಲ್ಲ, ಕಿವಿ ಕೇಳಿಲ್ಲ. ಆದರೂ ಅನುಭವಿಸುವವನಿಗೆ ಅದರಷ್ಟು ಖಚಿತವಾದುದು ಬೇರೊಂದಿಲ್ಲ. ಶರೀರವು ತನ್ನ ಸ್ಥಿತಿಯನ್ನು ತಾನೇ ಅರಿಯುವ ಈ ಬಗೆಯನ್ನು ರೈಲರು ಹೊರಗಿನ ಇಂದ್ರಿಯಗಳಿಂದ ಪ್ರತ್ಯೇಕಿಸಿ, ಅದಕ್ಕೆ ದೇಹದ ಸಾಮಾನ್ಯ ಸಂವೇದನೆ ಎಂಬರ್ಥದ ಹೆಸರನ್ನು ಕೊಟ್ಟರು. ಅವರ ಮಾರ್ಗದರ್ಶನದಲ್ಲಿ ಹ್ಯೂಬ್ನರ್ ಎಂಬ ಶಿಷ್ಯ 1794ರಲ್ಲಿ ಈ ವಿಷಯವನ್ನೇ ಕುರಿತು ಪ್ರಬಂಧ ಬರೆದನು. ಶರೀರದ ಎಲ್ಲ ಮೂಲೆಗಳಿಂದಲೂ ನರಗಳ ಮೂಲಕ ಮಿದುಳಿಗೆ ಸದಾ ವರದಿ ಹೋಗುತ್ತಿರುತ್ತದೆ, ಆ ವರದಿಯೇ ಈ ಸಂವೇದನೆಗೆ ಆಧಾರ, ಅದು ಕೆಟ್ಟರೆ ಮನಸ್ಸೂ ಕೆಡುತ್ತದೆ ಎಂಬುದು ಅವರ ಅಭಿಪ್ರಾಯ. ಮಿದುಳಿನಲ್ಲಿ ಆ ವರದಿಯನ್ನು ಬರಮಾಡಿಕೊಳ್ಳುವ ಸ್ಥಾನ ಯಾವುದು ಎಂಬುದನ್ನು ತೋರಿಸುವ ಸಾಧನ ಆಗ ಯಾರಲ್ಲಿಯೂ ಇರಲಿಲ್ಲ.

ಮನಸ್ಸು ಕೆಟ್ಟವರ ವಿಚಾರಕ್ಕೆ ಅವರು ಹೀಗೆ ಬಂದರು. ಅಂದಿನ ಯೂರೋಪಿನಲ್ಲಿ ಹುಚ್ಚರೆನಿಸಿಕೊಂಡವರನ್ನು ಕಳ್ಳಕಾಕರೊಡನೆ ಸೆರೆಮನೆಗಳಲ್ಲಿ ಕೂಡಿಹಾಕಿ ಸರಪಳಿ ಬಿಗಿಯುತ್ತಿದ್ದರು. ಪ್ಯಾರಿಸಿನಲ್ಲಿ ಪಿನೆಲ್ ಮುಂತಾದವರು ಆ ಸರಪಳಿಗಳನ್ನು ಕಳಚುವ ಮಾತನ್ನಾಡುತ್ತಿದ್ದ ದಿನಗಳವು. ರೈಲರು 1803ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಈ ಅಮಾನುಷತೆಯನ್ನು ಉಗ್ರವಾಗಿ ಖಂಡಿಸಿ, ಉನ್ಮಾದವೂ ಒಂದು ರೋಗ, ರೋಗಿಯನ್ನು ವೈದ್ಯನು ಮನಸ್ಸಿನ ಮಾರ್ಗದಿಂದಲೇ ಉಪಚರಿಸಬೇಕೆಂದು ಪ್ರತಿಪಾದಿಸಿದರು. ಗುಣ ಹೇಳಿದ ಮೇಲೆ ದೋಷವನ್ನೂ ಹೇಳಬೇಕು. ಉನ್ಮತ್ತರ ಆಸ್ಪತ್ರೆಯನ್ನು ನಡೆಸಿದ ಅನುಭವ ರೈಲರಿಗಿರಲಿಲ್ಲ. ರೋಗಿಯ ಗಮನವನ್ನು ತಟ್ಟನೆ ಹೊರಕ್ಕೆಳೆಯುವುದಕ್ಕಾಗಿ ಅವರು ಸೂಚಿಸಿದ ಉಪಾಯಗಳಲ್ಲಿ ಹೆದರಿಸುವುದು, ನೀರಿಗೆ ನೂಕುವುದು ಮೊದಲಾದ ಕ್ರೂರವೂ ವಿಲಕ್ಷಣವೂ ಆದ ಸಂಗತಿಗಳಿವೆ. ಬೆಕ್ಕುಗಳನ್ನು ಸಾಲಾಗಿ ಕಟ್ಟಿ ಬಾಲಕ್ಕೆ ಮೊಳೆ ತಗಲುವಂತೆ ಮಾಡಿ ನುಡಿಸುವ ವಾದ್ಯವೊಂದರ ಪ್ರಸ್ತಾಪವೂ ಅಲ್ಲಿದೆ. ಓದಿದವರು ಇಂದಿಗೂ ಅದನ್ನೇ ಹಿಡಿದು ಹಾಸ್ಯ ಮಾಡುತ್ತಾರೆ. ಸರಪಳಿ ಬೇಡವೆಂದ ಕೈಯೇ ಇವನ್ನೂ ಬರೆಯಿತೆಂಬುದು ವ್ಯಸನದ ವಿಷಯ. ಆದರೆ ಆತ್ಮವೈದ್ಯಕ್ಕೆ ವೈದ್ಯಶಾಸ್ತ್ರದಲ್ಲಿ ಶಸ್ತ್ರಚಿಕಿತ್ಸೆಗೂ ಔಷಧಚಿಕಿತ್ಸೆಗೂ ಸಮನಾದ ಮೂರನೆಯ ಆಸನ ಸಲ್ಲಬೇಕೆಂದು ವಾದಿಸಿ, 1808ರಲ್ಲಿ ಅದಕ್ಕೆ ಗ್ರೀಕ್ ಮೂಲದಿಂದ ಹೊಸ ಹೆಸರನ್ನು ಟಂಕಿಸಿದವರೂ ಅವರೇ. ಇಂದು ಜಗತ್ತೆಲ್ಲ ಬಳಸುವ ಸೈಕಿಯಾಟ್ರಿ ಎಂಬ ಪದ ಆ ಟಂಕಸಾಲೆಯಿಂದ ಬಂದುದು. ಬೆಂಗಳೂರಿನಲ್ಲಿ 1954ರಲ್ಲಿ ಡಾ. ಎಂ. ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಆರಂಭವಾಗಿ, 1974ರಲ್ಲಿ ನಿಮ್ಹಾನ್ಸ್ ಎಂಬ ರೂಪವನ್ನು ತಳೆದ ಸಂಸ್ಥೆಯ ಒಂದು ಇಡೀ ವಿಭಾಗ ಈ ಪದವನ್ನೇ ಹೊತ್ತಿದೆ.

1806ರ ಅಕ್ಟೋಬರಿನಲ್ಲಿ ಪ್ರಷ್ಯದ ಸೈನ್ಯವು ಯೇನಾ ಕಾಳಗದಲ್ಲಿ ನೆಪೋಲಿಯನ್ನನಿಗೆ ಸೋತಿತು. ಹಾಲೆ ಫ್ರೆಂಚರ ವಶವಾಯಿತು. ವಿಶ್ವವಿದ್ಯಾನಿಲಯದ ಬಾಗಿಲನ್ನು ನೆಪೋಲಿಯನ್ ಮುಚ್ಚಿಸಿದನು, ವಿದ್ಯಾರ್ಥಿಗಳು ಚದುರಿದರು. ಪಾಠವಿಲ್ಲದ ಪ್ರಾಧ್ಯಾಪಕನು ಏನು ಮಾಡಬೇಕು? ರೈಲರು ಪೂರ್ಣಮನಸ್ಸಿನಿಂದ ಮಿದುಳಿನ ವಿಚ್ಛೇದನಕ್ಕೆ ಕೈಯಿಟ್ಟರು. ಹಸಿ ಮಿದುಳು ಬೆಣ್ಣೆಯಷ್ಟು ಮೆತ್ತಗಿನ ವಸ್ತು. ಕತ್ತಿ ತಾಗಿದಲ್ಲಿ ಆಕಾರ ಕೆಡುತ್ತದೆ. ರೈಲರು ಅದನ್ನು ಮದ್ಯಸಾರದಲ್ಲಿ ನೆನೆಯಿಟ್ಟು ಗಟ್ಟಿಮಾಡಿಕೊಂಡು, ಕತ್ತರಿಸುವುದಕ್ಕಿಂತ ಹೆಚ್ಚಾಗಿ ಎಳೆ ಎಳೆಯಾಗಿ ಬಿಡಿಸುತ್ತ ಹೋದರು. ಹೀಗೆ ಬಿಡಿಸಿದಾಗ ನರತಂತುಗಳು ಎತ್ತಣಿಂದ ಎತ್ತ ಹರಿಯುತ್ತವೆಂಬುದು ಕಣ್ಣಿಗೆ ಕಾಣುತ್ತದೆ. ಚಿಕ್ಕಮಿದುಳು, ಎರಡು ಗೋಳಾರ್ಧಗಳನ್ನು ಕೂಡಿಸುವ ಸೇತು, ಒಳಗಿನ ಗಂಟುಗಳು ಇವೆಲ್ಲವನ್ನೂ ವರ್ಣಿಸಿದ ಲೇಖನಮಾಲೆ ಅವರದೇ ಪತ್ರಿಕೆಯಲ್ಲಿ ಬಂದಿತು. 1809ರಲ್ಲಿ ಅದೇ ಮಾಲೆಯಲ್ಲಿ ದ್ವೀಪದ ವರ್ಣನೆ ಪ್ರಕಟವಾಯಿತು.

ಮಿದುಳನ್ನು ಪಕ್ಕದಿಂದ ನೋಡಿದರೆ ಕಣತಲೆಯ ನೇರದಲ್ಲಿ ಮುಂದಿನಿಂದ ಹಿಂದಕ್ಕೆ ಓಡುವ ಆಳವಾದ ಸೀಳೊಂದು ಕಾಣುತ್ತದೆ. ಹೊರಗಿನಿಂದ ನೋಡಿದವರಿಗೆ ಅಲ್ಲಿ ಒಂದು ಗೆರೆಯಲ್ಲದೆ ಮತ್ತೇನೂ ಇಲ್ಲ. ಸೀಳಿನ ಎರಡು ತುಟಿಗಳನ್ನು ಬೆರಳಿನಿಂದ ಮೆಲ್ಲನೆ ಅಗಲಿಸಿದರೆ ತಳದಲ್ಲಿ ತ್ರಿಕೋನಾಕಾರದ, ಕೆಲವೇ ಮಡಿಕೆಗಳುಳ್ಳ, ಉಬ್ಬಿದ ಒಂದು ನೆಲ ಗೋಚರಿಸುತ್ತದೆ. ಸುತ್ತಲೂ ಕಂದಕ, ನಡುವೆ ಎತ್ತರ. ಮುಂಭಾಗದಲ್ಲಿ ಸಾಮಾನ್ಯವಾಗಿ ಮೂರು ಗಿಡ್ಡ ಮಡಿಕೆಗಳು, ಹಿಂಭಾಗದಲ್ಲಿ ಎರಡು ನೀಳ ಮಡಿಕೆಗಳು. ಎರಡರ ನಡುವೆ ಓರೆಯಾದ ಒಂದು ತೋಡು. ಮಿದುಳಿನ ಮಧ್ಯ ರಕ್ತನಾಳದ ಕವಲುಗಳು ಇದರ ಮೇಲೆ ಹಬ್ಬಿಕೊಂಡು ಹೊರಬರುತ್ತವೆ. ಗರ್ಭದ ಶಿಶುವಿನಲ್ಲಿ ಈ ನೆಲ ಮೊದಲು ಬಯಲಾಗಿಯೇ ಇರುತ್ತದೆ. ಹಣೆಯ, ನೆತ್ತಿಯ ಮತ್ತು ಕಣತಲೆಯ ಕಡೆಯ ಹಾಲೆಗಳು ಇದಕ್ಕಿಂತ ವೇಗವಾಗಿ ಬೆಳೆದು ಮೂರು ದಿಕ್ಕಿನಿಂದಲೂ ಚಾಚಿ ಮುಚ್ಚಳದಂತೆ ಇದನ್ನು ಕವಿದುಬಿಡುತ್ತವೆ. ಗುಡ್ಡ ಕುಸಿಯಲಿಲ್ಲ, ನೀರು ಏರಿತು ಎನ್ನುವಂತೆಯೇ ಇದು. ಹಿನ್ನೀರಿನ ದ್ವೀಪಕ್ಕೂ ದಡಕ್ಕೂ ನೀರಿನಡಿಯಲ್ಲಿ ಒಂದೇ ನೆಲವಿರುವ ಹಾಗೆ ಈ ದ್ವೀಪವೂ ಅಡಿಯ ತಂತುಗಳ ಮೂಲಕ ಮಿದುಳಿನ ಬಹುಭಾಗಗಳೊಡನೆ ಕೂಡಿಕೊಂಡಿದೆ. ರೈಲರಿಗಿಂತ ಮೊದಲು ಇದನ್ನು ಕಂಡವರು ಇಲ್ಲವೆಂದಲ್ಲ. ಪ್ರತ್ಯೇಕ ಅಂಗವೆಂದು ಗುರುತಿಸಿ, ಕ್ರಮವಾಗಿ ವರ್ಣಿಸಿ, ಹೆಸರಿನಿಂದ ಕರೆದ ಶ್ರೇಯಸ್ಸು ಅವರಿಗೆ ಸಂದಿದೆ. ಅದು ಯಾವ ಕೆಲಸವನ್ನು ಮಾಡುತ್ತದೆಂಬುದನ್ನು ಅವರು ಹೇಳಲಿಲ್ಲ. ಹೇಳಲು ಅವರಿಗೆ ಆಧಾರವಿರಲಿಲ್ಲ.

ಆಧಾರ ದೊರೆಯುವುದಕ್ಕೆ ಒಂದೂವರೆ ಶತಮಾನ ಹಿಡಿಯಿತು. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಶಸ್ತ್ರವೈದ್ಯರು ಎಚ್ಚರದಲ್ಲಿದ್ದ ಅಪಸ್ಮಾರ ರೋಗಿಗಳ ಮಿದುಳಿಗೆ ಚಿಕಿತ್ಸೆಯ ವೇಳೆ ಸೂಕ್ಷ್ಮ ವಿದ್ಯುತ್ತನ್ನು ತಗುಲಿಸಿ ನೋಡುತ್ತಿದ್ದರು. ದ್ವೀಪವನ್ನು ಮುಟ್ಟಿದಾಗ ರೋಗಿಗಳು ಹೊಟ್ಟೆಯೊಳಗಿನ ಸಂವೇದನೆಗಳನ್ನೂ ಓಕರಿಕೆಯನ್ನೂ ಬಾಯಲ್ಲಿ ರುಚಿಯನ್ನೂ ಹೇಳಿದರೆಂದು 1955ರಲ್ಲಿ ಅವರು ವರದಿ ಮಾಡಿದರು. ನೋವು, ಕಾವು, ತಂಪು, ತುರಿಕೆ, ಒಳಾಂಗಗಳ ಸ್ಥಿತಿ ಇವುಗಳ ಸುದ್ದಿಯನ್ನು ಹೊತ್ತ ಸಣ್ಣ ನರಗಳು ಬೆನ್ನುಹುರಿಯನ್ನು ಹತ್ತಿ, ಮಿದುಳಿನ ನಡುವಿನ ಥಲಾಮಸ್ ಎಂಬ ಗಂಟನ್ನು ಹಾಯ್ದು, ದ್ವೀಪದ ಹಿಂಭಾಗವನ್ನು ತಲುಪುತ್ತವೆಂಬ ವಾದವನ್ನು ಅಮೆರಿಕದ ಎ. ಡಿ. ಕ್ರೇಗ್ 2002ರಲ್ಲಿ ವಿಸ್ತಾರವಾಗಿ ಮಂಡಿಸಿದರು. ಹಿಂಭಾಗಕ್ಕೆ ಬಂದ ಈ ವರದಿ ಮುಂಭಾಗಕ್ಕೆ ಸಾಗುತ್ತ ಸಾಗುತ್ತ ಕಂಡದ್ದು, ಕೇಳಿದ್ದು, ನೆನಪು, ಭಯ ಇವುಗಳೊಡನೆ ಬೆರೆತು, ನನಗೆ ಹೀಗಾಗುತ್ತಿದೆ ಎಂಬ ಅರಿವಾಗುತ್ತದೆಂದು ಅವರ ಅಭಿಪ್ರಾಯ. ನಾಡಿಯನ್ನು ಮುಟ್ಟದೆ ತನ್ನ ಎದೆಬಡಿತವನ್ನು ತಾನೇ ಗಮನಿಸಬೇಕೆಂದು ಹೇಳಿದಾಗ ಬಲಗಡೆಯ ದ್ವೀಪದ ಮುಂಭಾಗ ಚುರುಕಾಗುವುದನ್ನು 2004ರಲ್ಲಿ ಲಂಡನ್ನಿನ ವಿಜ್ಞಾನಿಗಳು ಚಿತ್ರಣಯಂತ್ರದಲ್ಲಿ ಕಂಡರು. ಸಿಗರೇಟಿಗೆ ದಾಸರಾಗಿದ್ದ ಕೆಲವರು ದ್ವೀಪಕ್ಕೆ ಪೆಟ್ಟಾದ ಮೇಲೆ ಆ ಚಟವನ್ನು ಪ್ರಯಾಸವಿಲ್ಲದೆ, ಹಂಬಲವೂ ಉಳಿಯದಂತೆ ಬಿಟ್ಟರೆಂಬ ಸಂಗತಿ 2007ರಲ್ಲಿ ಹೊರಬಿದ್ದಿತು. ಪಾರ್ಶ್ವವಾಯುವಿನಿಂದ ದ್ವೀಪ ಹಾಳಾದವರಲ್ಲಿ ಹೃದಯದ ಲಯ ತಪ್ಪುವುದೂ ಉಂಟು; ಆದುದರಿಂದ ವೈದ್ಯರು ಅಂಥವರ ಎದೆಬಡಿತದ ಮೇಲೆ ವಿಶೇಷ ಕಣ್ಣಿಡುತ್ತಾರೆ. ಈ ಎಲ್ಲ ಕೆಲಸವನ್ನೂ ದ್ವೀಪವೊಂದೇ ಮಾಡುತ್ತದೆಂದು ಭಾವಿಸಬಾರದು. ಮಿದುಳಿನಲ್ಲಿ ಯಾವ ಭಾಗವೂ ಒಂಟಿಯಾಗಿ ದುಡಿಯುವುದಿಲ್ಲ.

ಅಡಿಕೆಯ ಸೊಕ್ಕಿನ ಬಿಸಿ, ಬಡಿತ, ತೊಳಸು, ಭೀತಿಗಳೆಲ್ಲ ಒಟ್ಟುಗೂಡಿ ಅನುಭವವಾಗುವ ಮುಖ್ಯ ತಾಣಗಳಲ್ಲಿ ಈ ದ್ವೀಪವೂ ಒಂದೆಂದು ಈಗ ತಿಳಿಯಲಾಗಿದೆ. ಎಂದ ಮೇಲೆ ರೈಲರ ವಿಷಯದಲ್ಲಿ ನಡೆದುದೇನು? ಶರೀರವು ತನ್ನನ್ನು ತಾನು ಅರಿಯುವ ಪರಿಯನ್ನು 1794ರ ಪ್ರಬಂಧದಲ್ಲಿ ವಿವರಿಸಿಟ್ಟರು. ಹದಿನೈದು ವರ್ಷಗಳ ತರುವಾಯ ಅದೇ ಕೈಯಿಂದ ಮಿದುಳಿನ ಸೀಳನ್ನು ಅಗಲಿಸಿ, ಆ ಅರಿವಿನ ನೆಲೆಯನ್ನು ಕಣ್ಣಾರೆ ನೋಡಿದರು, ಅಳೆದರು, ಹೆಸರಿಟ್ಟರು. ಪ್ರಶ್ನೆಯೂ ಅವರದೇ, ಉತ್ತರದ ಸ್ಥಳವೂ ಅವರದೇ. ಎರಡೂ ಒಂದೇ ಕಪಾಟಿನ ಬೇರೆ ಬೇರೆ ಅರೆಗಳಲ್ಲಿದ್ದವು. ಒಂದನ್ನೊಂದು ಕಂಡುಕೊಳ್ಳುವ ಮೊದಲೇ ಅವರ ಆಯುಷ್ಯ ತೀರಿತು.

ಅದು ತೀರಿದ ಬಗೆಯನ್ನು ಹೇಳಬೇಕು. 1810ರಲ್ಲಿ ಬರ್ಲಿನ್ನಿನಲ್ಲಿ ಹೊಸ ವಿಶ್ವವಿದ್ಯಾನಿಲಯ ತೆರೆದಾಗ ರೈಲರನ್ನು ಅಲ್ಲಿಗೆ ಬರಮಾಡಿಕೊಂಡರು. ಮೂರು ವರ್ಷ ಕಳೆಯುವಷ್ಟರಲ್ಲಿ ಮತ್ತೆ ಯುದ್ಧ. 1813ರ ಅಕ್ಟೋಬರ್ 16ರಿಂದ 19ರವರೆಗೆ ಲೈಪ್ಸಿಗ್ ನಗರದ ಸುತ್ತ ನಡೆದ ಕದನದಲ್ಲಿ ಸುಮಾರು 5 ಲಕ್ಷ ಸೈನಿಕರು ಕಾದಾಡಿದರು. ಸತ್ತವರೂ ಗಾಯಗೊಂಡವರೂ ಸೇರಿ ಲಕ್ಷದ ಸುಮಾರಿಗೆ ಮುಟ್ಟಿದರು. ಪ್ರಷ್ಯದ ಸೇನೆಯ ಆಸ್ಪತ್ರೆಗಳ ಮೇಲ್ವಿಚಾರಣೆ ರೈಲರ ಹೆಗಲಿಗೆ ಬಂದಿತ್ತು. ಅವರು ಲೈಪ್ಸಿಗ್ ತಲುಪಿದಾಗ ಗಾಯಾಳುಗಳು ದಿನಗಟ್ಟಲೆ ಹಾಸಿಗೆಯಿಲ್ಲದೆ, ಕಟ್ಟುಪಟ್ಟಿಯಿಲ್ಲದೆ, ಒಬ್ಬರಿಗೊಬ್ಬರು ಒತ್ತಿಕೊಂಡು ಮಲಗಿದ್ದರು. ಶಾಲೆಯೊಂದರ ಅಂಗಳದಲ್ಲಿ ಹೆಣಗಳು ರಾಶಿಬಿದ್ದಿದ್ದವು. ಕಂಡುದನ್ನು ಮುಚ್ಚುಮರೆಯಿಲ್ಲದೆ ಬರೆದು ಅಕ್ಟೋಬರ್ 26ರಂದು ಮಂತ್ರಿ ಸ್ಟೈನ್ ಅವರಿಗೆ ವರದಿ ಕಳುಹಿಸಿ, ಕೂಡಲೇ ನೆರವು ಬೇಕೆಂದು ಒತ್ತಾಯಿಸಿದರು. ಸರ್ಕಾರಕ್ಕೆ ವೈದ್ಯನೊಬ್ಬನು ಬರೆದ ಅಷ್ಟು ಕಟುವಾದ ಕಾಗದಗಳು ಚರಿತ್ರೆಯಲ್ಲಿ ಬಹಳವಿಲ್ಲ. ಒಡಲಿನ ನೋವು ಮನಸ್ಸಿಗೆ ಏನು ಮಾಡುತ್ತದೆಂಬುದನ್ನು ಇಪ್ಪತ್ತು ವರ್ಷ ಚಿಂತಿಸಿದವರ ಕಣ್ಣು ಅದರಲ್ಲಿ ಕಾಣುತ್ತದೆ.

ಆ ಜನಜಂಗುಳಿಯಲ್ಲಿ ಟೈಫಸ್ ಜ್ವರ ಹಬ್ಬಿತು. ಜ್ವರಗಳನ್ನು ಕುರಿತು ಸಂಪುಟಗಳನ್ನೇ ಬರೆದಿದ್ದ ರೈಲರಿಗೂ ಅದರ ಮೂಲ ತಿಳಿದಿರಲಿಲ್ಲ. ಬಟ್ಟೆಯ ಹೇನಿನಿಂದ ಅದು ಒಬ್ಬರಿಂದೊಬ್ಬರಿಗೆ ಹತ್ತುತ್ತದೆಂದು ಶಾರ್ಲ್ ನಿಕೋಲ್ ಎಂಬ ಫ್ರೆಂಚ್ ವಿಜ್ಞಾನಿ ತೋರಿಸಿಕೊಟ್ಟದ್ದು 1909ರಲ್ಲಿ. ನಮ್ಮ ಮಲೆನಾಡಿನವರಿಗೆ ಈ ಸಂಕಟ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಜನರೂ ಜ್ವರದಿಂದ ಮಲಗಿದಾಗ ಕಾರಣವೇ ತಿಳಿಯದ ಭೀತಿ ಕವಿದಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ಸನ್ನೂ ಅದನ್ನು ಹರಡುವ ಉಣುಗನ್ನೂ ಗುರುತಿಸಿದ ಮೇಲೆಯೇ ಕಾಡಿಗೆ ಹೋಗುವವರಿಗೆ, ದರಕು ತರುವವರಿಗೆ ಎಚ್ಚರಿಕೆ ಹೇಳುವುದು ಸಾಧ್ಯವಾಯಿತು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಬೇಸಗೆಯ ಮುನ್ನಿನ ತಿಂಗಳುಗಳಲ್ಲಿ ಮನೆಮನೆಗೆ ತಿರುಗಿದ ಆರೋಗ್ಯ ಕಾರ್ಯಕರ್ತರನ್ನು ಬಲ್ಲವರಿಗೆ, ಹೇನಿನ ಸಂಗತಿ ತಿಳಿಯದೆಯೇ ಗಾಯಾಳುಗಳ ನಡುವೆ ಓಡಾಡಿದ ಐವತ್ತನಾಲ್ಕರ ವೃದ್ಧಪ್ರಾಯ ವೈದ್ಯರ ಚಿತ್ರ ಸುಲಭವಾಗಿ ಕಣ್ಣಮುಂದೆ ಬಂದೀತು.

ಜ್ವರ ರೈಲರಿಗೂ ತಗುಲಿತು. ಅವರನ್ನು ಹಾಲೆಗೆ ಕರೆತಂದರು. 1813ನೆಯ ನವೆಂಬರ್ 22ರಂದು ಅಲ್ಲಿಯೇ ಅವರು ಕಣ್ಮುಚ್ಚಿದರು. ಮಿದುಳಿನ ಮೇಲೂ ಪ್ರಭಾವ ಬೀರಿ ಬುದ್ಧಿಯನ್ನು ಮಂಕುಮಾಡುವ ರೋಗವದು. ಅವರ ಜ್ವರಗ್ರಂಥದ ಕೊನೆಯ ಸಂಪುಟ 1815ರಲ್ಲಿ, ಅವರಿಲ್ಲದೆ, ಹೊರಬಂದಿತು. 1814ರಲ್ಲಿ ಹಾಲೆಯ ರಂಗಮಂದಿರದಲ್ಲಿ ಅವರ ಸ್ಮರಣೆಗಾಗಿ ಆಡಿದ ಪ್ರಸ್ತಾವನಾ ನಾಟಕದ ರಚನೆಯಲ್ಲಿ ಗಯಟೆಯ ಕೈಯಿತ್ತು. ಚಿಕಿತ್ಸಾಲಯವನ್ನು ಅಳಿಯ ಕ್ರುಕೆನ್‌ಬೆರ್ಗ್ ಮುಂದುವರಿಸಿದರು.

ಹಾಲೆ ನಗರದ ಅಂಚಿನಲ್ಲಿ ಅವರ ವಶದಲ್ಲಿದ್ದ ಗುಡ್ಡದ ಮೇಲೆಯೇ ಅವರ ಸಮಾಧಿಯಾಯಿತು. ಅದಕ್ಕೆ ರೈಲ್ ಗುಡ್ಡವೆಂಬ ಹೆಸರು ನಿಂತಿತು. 1901ರಲ್ಲಿ ಆ ಗುಡ್ಡದಲ್ಲಿ ಪ್ರಾಣಿಸಂಗ್ರಹಾಲಯ ಸ್ಥಾಪಿತವಾಗಿ, ಸಮಾಧಿ ಈಗ ಅದರ ಆವರಣದೊಳಗೆ ಸೇರಿದೆ. ಮೃಗಗಳನ್ನು ನೋಡಲು ಬರುವ ಶಾಲಾಬಾಲಕರು ಅದರ ಪಕ್ಕದ ದಾರಿಯಲ್ಲಿ ಹತ್ತಿ ಹೋಗುತ್ತಾರೆ. ಅವರು ಹೆಸರಿಟ್ಟ ದ್ವೀಪವನ್ನು ಪ್ರತ್ಯಕ್ಷ ನೋಡಬಯಸುವವರು ಅಷ್ಟು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳುಗಳ ವಸ್ತುಸಂಗ್ರಹಾಲಯವಿದ್ದು, ಸಾರ್ವಜನಿಕರಿಗೂ ವಿದ್ಯಾರ್ಥಿಗಳಿಗೂ ಅಲ್ಲಿ ಪ್ರವೇಶವಿದೆ. ಕಣತಲೆಯ ನೇರದ ಸೀಳನ್ನು ತೋರಿಸಿರೆಂದು ಅಲ್ಲಿನವರನ್ನು ಕೇಳಿದರೆ ಸಾಕು.